ಯಾವ ಕ್ಯಾಮೆರಾ ಸಿಸ್ಟಮ್‌ಗೆ ದುಡ್ಡು ಹಾಕಬೇಕು? ಸೆನ್ಸರ್ ಬದಲಾಗುತ್ತಿರುವ ಕಾಲಕ್ಕೊಂದು ಸಮಗ್ರ ಮಾರ್ಗದರ್ಶಿ

ನಿಮ್ಮ ಬಳಿ ಒಂದು ಹಳೇ ಡಿಎಸ್‌ಎಲ್‌ಆರ್ ಇದೆ ಅಂದುಕೊಳ್ಳಿ. ನಿಕಾನ್ ಡಿ5300 ಇರಬಹುದು, ಕ್ಯಾನನ್ 200ಡಿ ಇರಬಹುದು. ಜೊತೆಗೆ ಬಂದ ಕಿಟ್ ಲೆನ್ಸ್, ಆಮೇಲೆ ಕೊಂಡ 50 ಎಂಎಂ, ಒಂದು ಟೆಲಿ ಲೆನ್ಸ್. ಈಗ ಅಂಗಡಿಗೆ ಹೋದರೆ ಎಲ್ಲರೂ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ತಗೊಳ್ಳಿ ಅನ್ನುತ್ತಾರೆ. ಒಬ್ಬರು ಸೋನಿ ಹೇಳಿದರೆ ಇನ್ನೊಬ್ಬರು ನಿಕಾನ್ ಹೇಳುತ್ತಾರೆ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್‌ನ ಕ್ಯಾಮೆರಾ, ಬೇಕೇ ಬೇಕು ಅನ್ನುವವರೂ ಇದ್ದಾರೆ. ಇದರ ಮೇಲೆ ಸ್ಟ್ಯಾಕ್ಡ್ ಸೆನ್ಸರ್, ಗ್ಲೋಬಲ್ ಶಟರ್ ಅಂತ ಹೊಸ ಹೊಸ ಮಾತು. ಇನ್ನೊಂದು ವರ್ಷ ಕಾದರೆ ಇನ್ನೂ ಒಳ್ಳೆಯದು ಬರಬಹುದಲ್ವಾ ಅನ್ನೋ ಅನುಮಾನ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆಳಕನ್ನು ಹಿಡಿಯುವ ಕೆಲಸದಲ್ಲಿ ಸೆನ್ಸರ್‌ಗಳು (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್‌ಗಳು) ಹೆಚ್ಚುಕಡಿಮೆ ತಮ್ಮ ಮಿತಿಯ ಹತ್ತಿರ ಬಂದಿವೆ. ಈಗ ಜೋರಾಗಿ ಬದಲಾಗುತ್ತಿರುವುದು ಅವುಗಳ ವೇಗ. ಹಾಗಾಗಿ 'ಹೊಸ ಸೆನ್ಸರ್ ಯಾವುದು' ಎಂದು ಕೇಳುವ ಮೊದಲು 'ನನ್ನ ಫೋಟೋಗಳು ಎಲ್ಲಿ ಸೋಲುತ್ತಿವೆ' ಎಂದು ಕೇಳಿಕೊಳ್ಳಬೇಕು. ಉತ್ತರ ಸಿಕ್ಕರೆ ಸಿಸ್ಟಮ್ ಆರಿಸುವ ಕೆಲಸ ಅರ್ಧ ಮುಗಿದಂತೆ.

ಹೆಜ್ಜೆ 1: ನಿಮ್ಮ ಹಳೇ ಫೋಟೋಗಳನ್ನು ತೆಗೆದು ನೋಡಿ

ಕಳೆದ ಎರಡು ವರ್ಷದ ಫೋಟೋಗಳನ್ನು ಒಂದೆಡೆ ಹಾಕಿಕೊಳ್ಳಿ. ಲೈಟ್‌ರೂಮ್ ಇದ್ದರೆ ಅದರ ಮೆಟಾಡೇಟಾ (ಪ್ರತಿ ಫೋಟೋ ಜೊತೆ ಉಳಿಯುವ ವಿವರ) ಫಿಲ್ಟರ್ ಸಾಕು. ಇಲ್ಲದಿದ್ದರೆ ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶ ಇದೇ ಕೆಲಸ ಮಾಡುತ್ತದೆ. ನಿಮಗೆ ಇಷ್ಟವಾದ ಫೋಟೋಗಳನ್ನು ಯಾವ ಫೋಕಲ್ ಲೆಂಗ್ತ್, ಎಷ್ಟು ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ಎಷ್ಟು ಶಟರ್ ಸ್ಪೀಡ್, ಯಾವ ಅಪರ್ಚರ್‌ನಲ್ಲಿ (ಲೆನ್ಸ್ ತೆರೆದುಕೊಳ್ಳುವ ಅಳತೆ) ತೆಗೆದಿದ್ದೀರಿ ಎಂದು ನೋಡಿ. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ವಿಷಯ ಇರುವುದು ಕೆಟ್ಟ ಫೋಟೋಗಳಲ್ಲಿ. ಡಿಲೀಟ್ ಮಾಡದೆ ಉಳಿದ ಸೋತ ಫೋಟೋಗಳನ್ನು ತೆರೆದು, ಪ್ರತಿಯೊಂದು ಏಕೆ ಕೆಟ್ಟಿತು ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿ.

ನಾಯ್ಸ್ (ಚಿತ್ರದ ತುಂಬ ಕಾಣುವ ಒರಟು ಚುಕ್ಕೆಗಳು) ಜಾಸ್ತಿಯಾಗಿ ಕೆಟ್ಟಿತೇ? ಅದು ಬೆಳಕಿನ ಕೊರತೆ. ಹಕ್ಕಿ ಹಾರಿದಾಗ ಫೋಕಸ್ ಹಿಂದೆ ಉಳಿಯಿತೇ? ಅದು ಆಟೋಫೋಕಸ್ ಕೊರತೆ. ಹಕ್ಕಿ ಚಿತ್ರದ ನಡುವೆ ಸಣ್ಣ ಚುಕ್ಕೆಯಾಗಿದೆಯೇ? ಆಗ ಬೇಕಿರುವುದು ಉದ್ದ ಲೆನ್ಸ್, ಇಲ್ಲವೇ ಹತ್ತಿರ ಹೋಗುವ ದಾರಿ. ಕೈ ಅಲುಗಿತೇ? ಸ್ಟೆಬಿಲೈಸೇಶನ್ ನೋಡಬೇಕು. ಇನ್ನೊಂದು ಕಾರಣ ಯಾವ ಮೆಟಾಡೇಟಾದಲ್ಲೂ ಸಿಗುವುದಿಲ್ಲ. ಭಾರ ಎಂದು ಕ್ಯಾಮೆರಾ ಮನೆಯಲ್ಲೇ ಉಳಿದ ದಿನಗಳು. ಅವನ್ನೂ ಬರೆದುಕೊಳ್ಳಿ.

ಈ ಹಾಳೆಯಲ್ಲಿ ಯಾವ ಕಾರಣದ ಮುಂದೆ ಗುರುತು ಜಾಸ್ತಿ ಬಿದ್ದಿದೆಯೋ ಅದಕ್ಕೆ ಪರಿಹಾರ ಕೊಡುವ ಸಿಸ್ಟಮ್ ನಿಮ್ಮದು.

ಹೆಜ್ಜೆ 2: ಸೆನ್ಸರ್‌ನಲ್ಲಿ ಏನು ಬದಲಾಗಿದೆ, ಏನು ಬದಲಾಗುವುದಿಲ್ಲ ಅಂತ ತಿಳಿಯಿರಿ

1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮಾಡಿದ ಡಿಜಿಟಲ್ ಕ್ಯಾಮೆರಾ 0.01 ಮೆಗಾಪಿಕ್ಸೆಲ್‌ನದು. 1999ರ ನಿಕಾನ್ ಡಿ1 ಬಂದಾಗ 2.7 ಮೆಗಾಪಿಕ್ಸೆಲ್. ಪತ್ರಿಕಾ ಛಾಯಾಗ್ರಾಹಕರು ಫಿಲ್ಮ್ ಬಿಟ್ಟಿದ್ದು ಅಂಥ ಕ್ಯಾಮೆರಾಗಳಿಂದ. 2007ರ ನಿಕಾನ್ ಡಿ3 ಐಎಸ್‌ಒ 6400ರಲ್ಲೂ ಬಳಸಬಹುದಾದ ಚಿತ್ರ ಕೊಟ್ಟಿತು. 2012ರ ಡಿ800 36 ಮೆಗಾಪಿಕ್ಸೆಲ್ ಜೊತೆಗೆ ನೆರಳಿನಲ್ಲಿ ಅಡಗಿದ ವಿವರವನ್ನೂ ಎತ್ತಿ ತೋರಿಸಿತು. ಆ ದಿನಗಳಲ್ಲಿ ಮೂರು ನಾಲ್ಕು ವರ್ಷಕ್ಕೊಮ್ಮೆ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬದಲಿಸಿದರೆ ಫೋಟೋದಲ್ಲಿ ಬರಿಗಣ್ಣಿಗೆ ವ್ಯತ್ಯಾಸ ಕಾಣುತ್ತಿತ್ತು.

ಈಗ ಹಾಗಿಲ್ಲ. ಯಾಕೆ ಅಂತ ತಿಳಿದರೆ ಮುಂದೆ ಯಾವ ಜಾಹೀರಾತೂ ನಿಮ್ಮ ದಾರಿ ತಪ್ಪಿಸಲಾರದು. ಮಳೆ ಶುರುವಾದಾಗ ಅಂಗಳದ ಕಲ್ಲುಚಪ್ಪಡಿಗಳನ್ನು ನೋಡಿದ್ದೀರಲ್ಲ. ಮೊದಲ ಹನಿಗಳು ಬೀಳುವಾಗ ಒಂದು ಚಪ್ಪಡಿಯ ಮೇಲೆ ಐದು ಹನಿ, ಪಕ್ಕದ ಚಪ್ಪಡಿಯ ಮೇಲೆ ಎರಡು. ಮಳೆ ಜೋರಾದ ಮೇಲೆ ಎಲ್ಲ ಚಪ್ಪಡಿಗಳೂ ಒಂದೇ ಸಮ ಒದ್ದೆ. ಬೆಳಕು ಸೆನ್ಸರ್ ಮೇಲೆ ಬೀಳುವುದೂ ಹೀಗೇ. ಫೋಟಾನ್‌ಗಳು ಲೆಕ್ಕಾಚಾರವಿಲ್ಲದೆ ಬೀಳುತ್ತವೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಫೋಟಾನ್ ಸಿಕ್ಕರೆ ಸುಮಾರು 10ರಷ್ಟು ಏರುಪೇರು ಇರುತ್ತದೆ. 10,000 ಸಿಕ್ಕರೆ ಏರುಪೇರು 100 ಮಾತ್ರ, ಅಂದರೆ ನೂರಕ್ಕೆ ಒಂದು. ಕತ್ತಲಲ್ಲಿ ಕಾಣುವ ನಾಯ್ಸ್‌ನ ದೊಡ್ಡ ಪಾಲು ಈ ಏರುಪೇರೇ. ಇದು ಬೆಳಕಿನ ಗುಣ. ಯಾವ ಕಂಪನಿಯ ಎಂಜಿನಿಯರೂ ಇದನ್ನು ತೆಗೆದುಹಾಕಲಾರ.

ಸೆನ್ಸರ್ ಮಾಡಬಹುದಾದದ್ದು ಎರಡೇ. ಬಿದ್ದ ಫೋಟಾನ್‌ಗಳನ್ನು ವ್ಯರ್ಥವಾಗದಂತೆ ಹಿಡಿಯುವುದು, ಓದುವಾಗ ತನ್ನದೇ ನಾಯ್ಸ್ ಸೇರಿಸದಿರುವುದು. ಎರಡರಲ್ಲೂ ಬಹಳ ಕೆಲಸ ಆಗಿಹೋಗಿದೆ. 2015ರ ಸೋನಿ ಎ7ಆರ್ ಮಾರ್ಕ್ 2 ಫುಲ್ ಫ್ರೇಮ್‌ಗೆ ಬ್ಯಾಕ್ ಇಲ್ಯೂಮಿನೇಟೆಡ್ ಸೆನ್ಸರ್ ತಂದಿತು. ಅದರಲ್ಲಿ ತಂತಿಗಳ ಪದರ ಹಿಂದಕ್ಕೆ ಹೋಗಿ ಬೆಳಕು ಹಿಡಿಯುವ ಪದರ ಮುಂದೆ ಬಂತು. ಇಂದಿನ ಒಳ್ಳೆಯ ಸೆನ್ಸರ್‌ಗಳು ತಮ್ಮ ಬಣ್ಣದ ಫಿಲ್ಟರ್ ದಾಟಿ ಬಂದ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಿಡಿಯುತ್ತವೆ. ಉಳಿದದ್ದನ್ನೂ ಪೂರ್ತಿ ಹಿಡಿದರೆ ಸಿಗುವ ಲಾಭ ಒಂದು ಸ್ಟಾಪ್‌ಗಿಂತ ಕಡಿಮೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಅದೇ ನೀವು ಎಫ್ 4 ಲೆನ್ಸ್ ಬದಲು ಎಫ್ 1.8 ಲೆನ್ಸ್ ಹಾಕಿದರೆ (ಎಫ್ ನಂಬರ್ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ) ಎರಡು ಸ್ಟಾಪ್‌ಗೂ ಹೆಚ್ಚು ಬೆಳಕು ಇವತ್ತೇ ಸಿಗುತ್ತದೆ. ಕಾಯುತ್ತಾ ಕೂರಬೇಡಿ ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ.

ಮೆಗಾಪಿಕ್ಸೆಲ್ ಬಗ್ಗೆಯೂ ಒಂದು ಮಾತು. 24ರಿಂದ 45ಕ್ಕೆ ಹೋದರೆ ಹತ್ತಿರಹತ್ತಿರ ಎರಡು ಪಟ್ಟು ಅನ್ನಿಸುತ್ತದೆ. ಆದರೆ ಉದ್ದ ಅಗಲದಲ್ಲಿ ಸಿಗುವ ಹೆಚ್ಚಳ ಶೇ. 37 ಅಷ್ಟೇ. 12×18 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕೆಯಂತೆ ಲೆಕ್ಕ ಹಾಕಿದರೆ 19.4 ಮೆಗಾಪಿಕ್ಸೆಲ್ ಸಾಕು. 4ಕೆ ಟಿವಿ ಪರದೆಯಲ್ಲಿ ಇರುವುದೇ 8.3 ಮೆಗಾಪಿಕ್ಸೆಲ್. ಮದುವೆ ಆಲ್ಬಮ್‌ನ 12×36 ಹಾಳೆಯ ತುಂಬ ಒಂದೇ ಫೋಟೋ ಹರಡಿದರೂ 24 ಮೆಗಾಪಿಕ್ಸೆಲ್‌ನ ಚಿತ್ರ ಇಂಚಿಗೆ 160ಕ್ಕೂ ಹೆಚ್ಚು ಚುಕ್ಕೆ ಕೊಡುತ್ತದೆ. ಕೈಯಳತೆಯ ದೂರದಿಂದ ನೋಡುವವರಿಗೆ ಅಷ್ಟು ಸಾಕು. ಜಾಸ್ತಿ ಮೆಗಾಪಿಕ್ಸೆಲ್ ನಿಜವಾಗಿ ಕೈಹಿಡಿಯುವುದು ಕ್ರಾಪ್ ಮಾಡುವವರಿಗೆ (ಚಿತ್ರದ ಅಂಚು ಕತ್ತರಿಸಿ ಬೇಕಾದ ಭಾಗ ಇಟ್ಟುಕೊಳ್ಳುವವರಿಗೆ), ಅಂದರೆ ಹಕ್ಕಿ ಮತ್ತು ಪ್ರಾಣಿಗಳ ಹಿಂದೆ ಬಿದ್ದವರಿಗೆ.

ಹೆಜ್ಜೆ 3: ಸೆನ್ಸರ್ ಅಳತೆ ಆರಿಸಿ

ಅಳತೆಗಳು ಇವು. ಫುಲ್ ಫ್ರೇಮ್ 36×24 ಮಿಲಿಮೀಟರ್. ಎಪಿಎಸ್-ಸಿ ನಿಕಾನ್, ಸೋನಿ, ಫ್ಯೂಜಿಗಳಲ್ಲಿ ಸುಮಾರು 23.5×15.6, ಕ್ಯಾನನ್‌ನಲ್ಲಿ ಸ್ವಲ್ಪ ಚಿಕ್ಕದು. ಮೈಕ್ರೋ ಫೋರ್ ಥರ್ಡ್ಸ್ 17.3×13. ಇನ್ನೊಂದು ತುದಿಗೆ ಫ್ಯೂಜಿ ಜಿಎಫ್‌ಎಕ್ಸ್ ಮತ್ತು ಹ್ಯಾಸಲ್‌ಬ್ಲಾಡ್ ಬಳಸುವ ಮೀಡಿಯಂ ಫಾರ್ಮ್ಯಾಟ್, ಸುಮಾರು 44×33.

ಒಂದೇ ಎಫ್ ನಂಬರ್, ಒಂದೇ ಶಟರ್ ಇಟ್ಟರೆ ದೊಡ್ಡ ಸೆನ್ಸರ್‌ಗೆ ಒಟ್ಟು ಬೆಳಕು ಹೆಚ್ಚು ಸಿಗುತ್ತದೆ. ಎಪಿಎಸ್-ಸಿಗಿಂತ ಫುಲ್ ಫ್ರೇಮ್‌ಗೆ ಒಂದು ಸ್ಟಾಪ್‌ಗಿಂತ ತುಸು ಹೆಚ್ಚು, ಮೈಕ್ರೋ ಫೋರ್ ಥರ್ಡ್ಸ್‌ಗಿಂತ ಹತ್ತಿರಹತ್ತಿರ ಎರಡು ಸ್ಟಾಪ್. ಫುಲ್ ಫ್ರೇಮ್‌ನಿಂದ ಜಿಎಫ್‌ಎಕ್ಸ್‌ಗೆ ಹೋದರೆ ಸಿಗುವುದು ಮುಕ್ಕಾಲು ಸ್ಟಾಪ್ ಮಾತ್ರ. ಅದಕ್ಕೆ ಕೊಡುವ ದುಡ್ಡು, ಹೊರುವ ಭಾರ ನೋಡಿದರೆ ಸ್ಟುಡಿಯೋ ಮತ್ತು ದೊಡ್ಡ ಪ್ರಿಂಟ್ ಮಾಡುವವರನ್ನು ಬಿಟ್ಟು ಬೇರೆಯವರಿಗೆ ನಾನು ಹೇಳುವುದಿಲ್ಲ.

ಇಲ್ಲಿ ಬಹಳ ಜನ ತಪ್ಪು ಲೆಕ್ಕ ಹಾಕುತ್ತಾರೆ. ಮೈಕ್ರೋ ಫೋರ್ ಥರ್ಡ್ಸ್‌ನ 300 ಎಂಎಂ ಎಫ್ 4 ಲೆನ್ಸ್ 600 ಎಂಎಂನಷ್ಟು ಹತ್ತಿರ ತೋರಿಸುತ್ತದೆ, ನಿಜ. ಆದರೆ ಒಟ್ಟು ಬೆಳಕು ಮತ್ತು ಹಿನ್ನೆಲೆಯ ಮಸುಕಿನಲ್ಲಿ ಅದು ಫುಲ್ ಫ್ರೇಮ್‌ನ 600 ಎಂಎಂ ಎಫ್ 8ಕ್ಕೆ ಸಮ. ಫೋಕಲ್ ಲೆಂಗ್ತ್ ಗುಣಿಸಿದ ಅದೇ ಸಂಖ್ಯೆಯಿಂದ (ಇಲ್ಲಿ 2) ಎಫ್ ನಂಬರನ್ನೂ ಗುಣಿಸಿ ಹೋಲಿಸಿ. ಆಗ ಒಂದು ವಿಷಯ ಗೊತ್ತಾಗುತ್ತದೆ. ಕತ್ತಲಲ್ಲಿ ಗೆಲ್ಲುವುದು ಸೆನ್ಸರ್ ಮತ್ತು ಲೆನ್ಸ್ ಎರಡೂ ದೊಡ್ಡದಿದ್ದಾಗ. ಫುಲ್ ಫ್ರೇಮ್ ಬಾಡಿ ಕೊಂಡು ದುಡ್ಡು ಸಾಲದೆ ಎಫ್ 6.3 ಝೂಮ್ ಹಾಕಿದರೆ, ಎಪಿಎಸ್-ಸಿ ಮೇಲೆ ಎಫ್ 4 ಲೆನ್ಸ್ ಹಾಕಿದವರಿಗೂ ನಿಮಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಆಗುಂಬೆಯ ಮಳೆಯಲ್ಲಿ ಕಪ್ಪೆ, ಹಾವು, ಅಣಬೆಗಳ ಮ್ಯಾಕ್ರೋ ತೆಗೆಯುವವರಿಗೆ ಲೆಕ್ಕ ಬೇರೆ. ಅವರು ಹೇಗೂ ಫ್ಲ್ಯಾಶ್ ಬಳಸುತ್ತಾರೆ, ಹಿನ್ನೆಲೆಯ ಮಸುಕಿಗಿಂತ ಆಳದ ಸ್ಪಷ್ಟತೆ ಅವರಿಗೆ ಮುಖ್ಯ. ಮಳೆಗೆ ಜಗ್ಗದ ಹಗುರವಾದ ಒಎಂ ಸಿಸ್ಟಮ್‌ನ ಮೈಕ್ರೋ ಫೋರ್ ಥರ್ಡ್ಸ್ ಬಾಡಿ, ಅದರೊಳಗಿನ ಫೋಕಸ್ ಸ್ಟ್ಯಾಕಿಂಗ್ (ಬೇರೆ ಬೇರೆ ಫೋಕಸ್‌ನ ಚಿತ್ರಗಳನ್ನು ಒಂದಾಗಿ ಸೇರಿಸುವುದು) ಅವರಿಗೆ ದೊಡ್ಡ ಸೆನ್ಸರ್‌ಗಿಂತ ಹೆಚ್ಚು ಉಪಯೋಗ. ಚಿಕ್ಕ ಸೆನ್ಸರ್ ಎಂದರೆ ಕಡಿಮೆ ದರ್ಜೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಹೆಜ್ಜೆ 4: ವೇಗ ನಿಮಗೆ ಎಷ್ಟು ಬೇಕು?

ಹೊಸ ಸೆನ್ಸರ್‌ಗಳ ನಿಜವಾದ ಕ್ರಾಂತಿ ಇಲ್ಲಿದೆ. ಸಾಮಾನ್ಯ ಸೆನ್ಸರ್ ಚಿತ್ರವನ್ನು ಒಟ್ಟಿಗೆ ಓದುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೋನಿ ಎ7ಆರ್ ಮಾರ್ಕ್ 5 ಪೂರ್ತಿ ಚಿತ್ರ ಓದಲು ಸುಮಾರು 1/10 ಸೆಕೆಂಡ್ ತೆಗೆದುಕೊಳ್ಳುತ್ತದೆ. ನೀವು ಶಟರ್ 1/2000 ಇಟ್ಟಿದ್ದರೂ ಮೊದಲ ಸಾಲಿಗೂ ಕೊನೆಯ ಸಾಲಿಗೂ ಅಷ್ಟು ಹೊತ್ತಿನ ಅಂತರ ಇದ್ದೇ ಇರುತ್ತದೆ. ಅಷ್ಟರಲ್ಲಿ ಹಕ್ಕಿಯ ರೆಕ್ಕೆ ಬಾಗಿರುತ್ತದೆ, ಕಂಬಳದ ಕೋಣದ ಕಾಲು ಓರೆಯಾಗಿರುತ್ತದೆ. ಇದಕ್ಕೇ ರೋಲಿಂಗ್ ಶಟರ್ ಅನ್ನುವುದು. ಇಂಥ ಕ್ಯಾಮೆರಾಗಳಲ್ಲಿ ಓಡುವ ವಸ್ತುವಿಗೆ ಮೆಕ್ಯಾನಿಕಲ್ ಶಟರ್ ಬಳಸಲೇಬೇಕು.

ಸ್ಟ್ಯಾಕ್ಡ್ ಸೆನ್ಸರ್‌ನಲ್ಲಿ ಬೆಳಕು ಹಿಡಿಯುವ ಪದರದ ಬೆನ್ನಿಗೇ ಓದುವ ಸರ್ಕ್ಯೂಟ್ ಮತ್ತು ಮೆಮೊರಿ ಅಂಟಿಕೊಂಡಿರುತ್ತವೆ. 2017ರ ಸೋನಿ ಎ9ರಿಂದ ಇದು ಫುಲ್ ಫ್ರೇಮ್‌ಗೆ ಬಂತು. 2021ರ ನಿಕಾನ್ ಝಡ್9 ಸುಮಾರು 1/270 ಸೆಕೆಂಡ್‌ನಲ್ಲಿ ಓದಿ ಮುಗಿಸುತ್ತದೆ. ಅದು ಮೆಕ್ಯಾನಿಕಲ್ ಶಟರ್‌ನ ಪರದೆ ಓಡುವ ವೇಗಕ್ಕೆ ಸಮ, ಹಾಗಾಗಿ ಆ ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರ್ ಇಡಲೇ ಇಲ್ಲ. 2023ರ ಝಡ್8ರಲ್ಲೂ ಇಲ್ಲ. ಚಿಕ್ಕ ಸೆನ್ಸರ್‌ಗಳಲ್ಲಿ ಫ್ಯೂಜಿ ಎಕ್ಸ್-ಎಚ್2ಎಸ್ ಮತ್ತು ಒಎಂ-1 ಇದೇ ಬಗೆಯವು, ಎರಡೂ 2022ರವು. ಸೆನ್ಸರ್ ಬೇಗ ಓದಿದಷ್ಟೂ ಆಟೋಫೋಕಸ್‌ಗೆ ಸೆಕೆಂಡಿಗೆ ಹೆಚ್ಚು ಬಾರಿ ಲೆಕ್ಕ ಸಿಗುತ್ತದೆ. ವ್ಯೂಫೈಂಡರ್ ಕಪ್ಪಾಗುವುದಿಲ್ಲ. ಸದ್ದೂ ಇಲ್ಲ.

2023ರ ಕೊನೆಗೆ ಘೋಷಣೆಯಾದ ಸೋನಿ ಎ9 ಮಾರ್ಕ್ 3 ಇನ್ನೂ ಮುಂದೆ ಹೋಯಿತು. ಗ್ಲೋಬಲ್ ಶಟರ್, ಅಂದರೆ ಎಲ್ಲ ಪಿಕ್ಸೆಲ್‌ಗಳಿಗೂ ಒಂದೇ ಕ್ಷಣ. ಸೆಕೆಂಡಿಗೆ 120 ಚಿತ್ರ. ಎಷ್ಟು ವೇಗದ ಶಟರ್‌ಗೂ ಫ್ಲ್ಯಾಶ್ ಹೊಂದಿಕೊಳ್ಳುತ್ತದೆ. ಆದರೆ ಅದರ ಕನಿಷ್ಠ ಐಎಸ್‌ಒ 250ರಿಂದ ಶುರು. ಪ್ರತಿ ಪಿಕ್ಸೆಲ್ ಒಳಗೆ ಮಾಹಿತಿ ಹಿಡಿದಿಡುವ ಜಾಗ ಬೇಕಾದ್ದರಿಂದ ಬೆಳಕಿಗೆ ಸಿಗುವ ಜಾಗ ಕಡಿಮೆಯಾಗುತ್ತದೆ. ವೇಗ ಬಂದ ಕಡೆ ಸ್ವಲ್ಪ ಗುಣಮಟ್ಟ ಹೋಗುತ್ತದೆ. 2024ರ ನಿಕಾನ್ ಝಡ್6 ಮಾರ್ಕ್ 3ರ ಅರೆ-ಸ್ಟ್ಯಾಕ್ಡ್ ಸೆನ್ಸರ್‌ನಲ್ಲೂ ಕಡಿಮೆ ಐಎಸ್‌ಒದಲ್ಲಿ ತೆಗೆದು ಕಂಪ್ಯೂಟರ್‌ನಲ್ಲಿ ನೆರಳು ಎತ್ತಿದಾಗ (ಕತ್ತಲ ಭಾಗವನ್ನು ಬೆಳಗಿಸಿದಾಗ) ಹಳೇ ಝಡ್6 ಮಾರ್ಕ್ 2ಕ್ಕಿಂತ ತುಸು ಹೆಚ್ಚು ನಾಯ್ಸ್ ಕಾಣುತ್ತದೆ. ಹಂಪಿಯ ಸೂರ್ಯೋದಯ ತೆಗೆಯುವವರಿಗೆ ಹಳೆಯದೇ ಮೇಲು, ಕಂಬಳ ತೆಗೆಯುವವರಿಗೆ ಹೊಸದು.

ಯಕ್ಷಗಾನ, ನಾಟಕ, ಮದುವೆ ತೆಗೆಯುವವರು ಇನ್ನೊಂದು ವಿಷಯ ಗಮನಿಸಬೇಕು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಹಾಗಾಗಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಡಿಮೆ ಬೆಲೆಯ ಎಲ್‌ಇಡಿಗಳಲ್ಲಿ ಈ ಮಿನುಗು ಜಾಸ್ತಿ. ನಿಧಾನದ ಸೆನ್ಸರ್ ಮತ್ತು ಎಲೆಕ್ಟ್ರಾನಿಕ್ ಶಟರ್ ಸೇರಿದರೆ ಫೋಟೋದ ಅಡ್ಡಕ್ಕೆ ಕಪ್ಪು ಪಟ್ಟಿಗಳು ಬೀಳುತ್ತವೆ. 1/50 ಅಥವಾ 1/100 ಶಟರ್ ಇಟ್ಟರೆ ಪಟ್ಟಿ ಹೋಗುತ್ತದೆ, ಆದರೆ ವೇಷಧಾರಿಯ ದಿಗಿಣ 1/100ರಲ್ಲಿ ಮಸುಕಾಗುತ್ತದೆ. ಅಲ್ಲಿ ಮೆಕ್ಯಾನಿಕಲ್ ಶಟರ್ ಇರುವ ಬಾಡಿ ಮತ್ತು ಆಂಟಿ-ಫ್ಲಿಕರ್ ಸೌಲಭ್ಯ ಬೇಕು, ಇಲ್ಲವೇ ಸ್ಟ್ಯಾಕ್ಡ್ ಸೆನ್ಸರ್ ಬೇಕು. ಸ್ಟ್ಯಾಕ್ಡ್ ಆದರೂ ಚೌಲ್ಟ್ರಿಯ ಎಲ್‌ಇಡಿ ಗೋಡೆ ಮುಂದೆ ಒಮ್ಮೆ ಪರೀಕ್ಷೆ ಮಾಡಿಯೇ ನಂಬಿ. ಆ ಗೋಡೆಗಳು 100ಕ್ಕಿಂತ ಬಹಳ ಹೆಚ್ಚು ಸಲ ಮಿನುಗುತ್ತವೆ.

ಮಕ್ಕಳು, ಮನೆ, ಪ್ರವಾಸ, ದೇವಸ್ಥಾನದ ಶಿಲ್ಪ ತೆಗೆಯುವವರಿಗೆ ಈ ಹೆಜ್ಜೆಯ ಯಾವ ವೇಗವೂ ಬೇಡ. ಅವರಿಗೆ ಬೇಕಾದದ್ದು ಬಾಡಿಯೊಳಗಿನ ಸ್ಟೆಬಿಲೈಸೇಶನ್. ಬೇಲೂರು, ಹಳೇಬೀಡಿನ ಗರ್ಭಗುಡಿ ಮುಂದಿನ ಕತ್ತಲಲ್ಲಿ ಟ್ರೈಪಾಡ್ ಇಲ್ಲದೆ ಕೈಯಲ್ಲೇ 1/8 ಸೆಕೆಂಡ್ ಹಿಡಿಯಲು ಅದು ನೆರವಾಗುತ್ತದೆ. ಓಡುವ ಮಗುವನ್ನು ಮಾತ್ರ ಅದು ನಿಲ್ಲಿಸುವುದಿಲ್ಲ.

ಹೆಜ್ಜೆ 5: ಮೌಂಟ್ ಆರಿಸಿ. ಈ ಹೆಜ್ಜೆಗೇ ಹೆಚ್ಚು ಸಮಯ ಕೊಡಿ

ಬಾಡಿ ಐದಾರು ವರ್ಷದಲ್ಲಿ ಬದಲಾಗುತ್ತದೆ. ಲೆನ್ಸ್ ಇಪ್ಪತ್ತು ವರ್ಷ ಉಳಿಯುತ್ತದೆ. ಆದ್ದರಿಂದ ನೀವು ನಿಜವಾಗಿ ಆರಿಸುತ್ತಿರುವುದು ಮೌಂಟ್, ಅಂದರೆ ಲೆನ್ಸ್ ಬಾಡಿಗೆ ಕೂರುವ ಜೋಡಣೆ.

ನಿಕಾನ್ ಎಫ್ ಮೌಂಟ್ 1959ರಿಂದ ನಡೆದುಬಂತು. ಕ್ಯಾನನ್ 1987ರಲ್ಲಿ ಎಫ್‌ಡಿ ಬಿಟ್ಟು ಇಎಫ್ ತಂದಾಗ ಹಳೇ ಲೆನ್ಸ್ ಇದ್ದವರು ಕಷ್ಟಪಟ್ಟರು, ಆದರೆ ಫೋಕಸ್, ಅಪರ್ಚರ್ ಎರಡನ್ನೂ ವಿದ್ಯುತ್‌ನಿಂದ ನಡೆಸುವ ಆ ನಿರ್ಧಾರದ ಫಲ ಇವತ್ತಿಗೂ ಸಿಗುತ್ತಿದೆ. 2018ರಲ್ಲಿ ನಿಕಾನ್ ಝಡ್, ಕ್ಯಾನನ್ ಆರ್‌ಎಫ್ ಎರಡೂ ಬಂದವು. 2020ರ ನಂತರ ಈ ಎರಡು ಕಂಪನಿಗಳೂ ಹೊಸ ಡಿಎಸ್‌ಎಲ್‌ಆರ್ ಬಾಡಿ ತಂದಿಲ್ಲ. ಸೋನಿಯ ಇ ಮೌಂಟ್ 2010ರದು, ಫುಲ್ ಫ್ರೇಮ್ ಎ7 ಬಂದದ್ದು 2013ರಲ್ಲಿ. ಫ್ಯೂಜಿ ಎಕ್ಸ್ 2012ರದು. ಮೈಕ್ರೋ ಫೋರ್ ಥರ್ಡ್ಸ್ 2008ರದು. ಲೈಕಾ, ಪ್ಯಾನಾಸೋನಿಕ್, ಸಿಗ್ಮಾ ಸೇರಿ ಎಲ್ ಮೌಂಟ್ ಒಕ್ಕೂಟ ಮಾಡಿದ್ದು 2018ರಲ್ಲಿ.

ಸತ್ತ ಮೌಂಟ್‌ಗಳ ಕಥೆಯೂ ತಿಳಿದಿರಲಿ. ನಿಕಾನ್ 1 ಸರಣಿ 2011ರಲ್ಲಿ ಬಂದು 2018ರಲ್ಲಿ ನಿಂತಿತು. ಸ್ಯಾಮ್‌ಸಂಗ್ ಎನ್‌ಎಕ್ಸ್ ಒಳ್ಳೆಯ ಸೆನ್ಸರ್ ಇದ್ದೂ ನಿಂತಿತು. ಕ್ಯಾನನ್ ಇಎಫ್-ಎಂ 2012ರಲ್ಲಿ ಹುಟ್ಟಿ 2023ರಲ್ಲಿ ಮುಗಿಯಿತು, ಅದರ ಲೆನ್ಸ್‌ಗಳು ಆರ್‌ಎಫ್ ಬಾಡಿಗೆ ಕೂರುವುದಿಲ್ಲ. ಈ ಮೂರರಲ್ಲೂ ಒಂದು ಸಾಮ್ಯ ಇದೆ. ಕಂಪನಿ ತನ್ನ ಅತ್ಯುತ್ತಮ ಲೆನ್ಸ್‌ಗಳನ್ನೂ ಬಾಡಿಗಳನ್ನೂ ಆ ಮೌಂಟ್‌ಗೆ ಕೊಡಲಿಲ್ಲ, ಅಥವಾ ಕೊಡುವಷ್ಟು ಕಾಲ ಉಳಿಯಲಿಲ್ಲ. ನೀವು ಆರಿಸುವ ಮೌಂಟ್‌ನಲ್ಲಿ ಕಂಪನಿ ತನ್ನ ದುಬಾರಿ ಬಾಡಿಯನ್ನು ಇಟ್ಟಿದೆಯಾ, ಕಳೆದ ಎರಡು ವರ್ಷದಲ್ಲಿ ಹೊಸ ಲೆನ್ಸ್ ತಂದಿದೆಯಾ ಎಂದು ನೋಡಿ.

ಎರಡನೆಯದು, ಬೇರೆ ಕಂಪನಿಗಳ ಲೆನ್ಸ್. ಸೋನಿ 2011ರಲ್ಲೇ ಇ ಮೌಂಟ್‌ನ ವಿವರಗಳನ್ನು ಲೆನ್ಸ್ ತಯಾರಕರಿಗೆ ಕೊಟ್ಟಿತು. ಅದಕ್ಕೇ ಇವತ್ತು ಸಿಗ್ಮಾ, ಟ್ಯಾಮ್ರಾನ್‌ಗಳ ದೊಡ್ಡ ಪಟ್ಟಿ ಅಲ್ಲಿದೆ. ಎಲ್ ಮೌಂಟ್‌ಗೆ ಸಿಗ್ಮಾದ ಬಲ ಇದೆ. ನಿಕಾನ್ ಝಡ್ ನಡುವೆ ಇದೆ. ಕ್ಯಾನನ್ ಆರ್‌ಎಫ್‌ನ ಎಪಿಎಸ್-ಸಿಗೆ 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್ ಬಂದವು, ಆದರೆ ಫುಲ್ ಫ್ರೇಮ್‌ಗೆ ಬಹುಮಟ್ಟಿಗೆ ಕ್ಯಾನನ್ನಿನದೇ ಲೆನ್ಸ್ ಕೊಳ್ಳಬೇಕು. ಬಜೆಟ್ ಬಿಗಿ ಇದ್ದರೆ ಇದು ಸಣ್ಣ ವಿಷಯವಲ್ಲ. ಒಳ್ಳೆಯ ಲೆನ್ಸ್‌ಗಳನ್ನು ಒಂದೊಂದಾಗಿ, ಕೈಗೆಟುಕುವ ಬೆಲೆಯಲ್ಲಿ ಸೇರಿಸಿಕೊಳ್ಳುವ ದಾರಿ ಬೇಕು ಎಂದರೆ ಇವತ್ತಿನ ಮಟ್ಟಿಗೆ ಸೋನಿ ಇ ಮುಂದಿದೆ ಅನ್ನುವುದು ನನ್ನ ತೀರ್ಪು.

ಹೆಜ್ಜೆ 6: ಕೈಯಲ್ಲಿರುವ ಹಳೇ ಲೆನ್ಸ್‌ಗಳ ಲೆಕ್ಕ

ಡಿಎಸ್‌ಎಲ್‌ಆರ್ ಲೆನ್ಸ್ ಮಿರರ್‌ಲೆಸ್‌ಗೆ ಕೂರುತ್ತದೆ, ಮಿರರ್‌ಲೆಸ್ ಲೆನ್ಸ್ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ. ಕಾರಣ ಸರಳ. ನಿಕಾನ್ ಎಫ್‌ನಲ್ಲಿ ಮೌಂಟ್‌ನಿಂದ ಸೆನ್ಸರ್‌ಗೆ 46.5 ಮಿಲಿಮೀಟರ್ ದೂರ, ಝಡ್‌ನಲ್ಲಿ 16. ಕನ್ನಡಿ ಹೋದ ಮೇಲೆ ಉಳಿದ ಆ ಅಂತರದಲ್ಲಿ ಅಡಾಪ್ಟರ್ ಕೂರುತ್ತದೆ.

ಕ್ಯಾನನ್ ಇಎಫ್ ಲೆನ್ಸ್ ಇರುವವರಿಗೆ ಹಾದಿ ಸಲೀಸು. ಕಂಪನಿಯ ಅಡಾಪ್ಟರ್ ಹಾಕಿದರೆ ಆರ್‌ಎಫ್ ಬಾಡಿಯಲ್ಲಿ ಆಟೋಫೋಕಸ್ ಪೂರ್ತಿ ನಡೆಯುತ್ತದೆ, ಹಲವು ಸಲ ಹಿಂದಿಗಿಂತ ನಿಖರವಾಗಿ. ನಿಕಾನ್‌ನವರು ಎಚ್ಚರ ವಹಿಸಬೇಕು. ಎಎಫ್-ಎಸ್ ಎಂದು ಬರೆದ ಲೆನ್ಸ್‌ಗಳು ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆಟೋಫೋಕಸ್ ಆಗುತ್ತವೆ. ಆದರೆ ಬಾಡಿಯ ಮೋಟರ್ ನಂಬಿಕೊಂಡ ಹಳೇ ಎಎಫ್-ಡಿ ಲೆನ್ಸ್‌ಗಳು, ಉದಾಹರಣೆಗೆ ನಮ್ಮಲ್ಲಿ ಬಹಳ ಜನರ ಬಳಿ ಇರುವ 50 ಎಂಎಂ ಎಫ್ 1.8 ಡಿ, ಕೈಯಲ್ಲೇ ಫೋಕಸ್ ಮಾಡಬೇಕು. ಅಡಾಪ್ಟರ್‌ನಲ್ಲಿ ಆ ಮೋಟರ್ ಇಲ್ಲ.

200-500 ಎಂಎಂನಂಥ ಒಳ್ಳೆಯ ಟೆಲಿ ನಿಮ್ಮಲ್ಲಿದ್ದರೆ ಅದೇ ಕಂಪನಿಯಲ್ಲಿ ಉಳಿಯುವುದು ಲಾಭ. ಕಿಟ್ ಲೆನ್ಸ್ ಮತ್ತು ಒಂದು 50 ಎಂಎಂ ಮಾತ್ರ ಇದ್ದರೆ ನಿಮ್ಮನ್ನು ಯಾವುದೂ ಕಟ್ಟಿಹಾಕಿಲ್ಲ. ಸುಮ್ನೆ ಹಳೇ ಬ್ರ್ಯಾಂಡ್ ಎಂಬ ಕಾರಣಕ್ಕೆ ಉಳಿಯಬೇಡಿ.

ಹೆಜ್ಜೆ 7: ಪೂರ್ತಿ ಖರ್ಚನ್ನು ಬರೆಯಿರಿ

ಬಾಡಿಯ ಬೆಲೆ ನೋಡಿ ನಿರ್ಧಾರ ಮಾಡುವುದೇ ದೊಡ್ಡ ಅಪಾಯ. ಹಾಳೆಯಲ್ಲಿ ಬಾಡಿ, ಮುಂದಿನ ಮೂರು ವರ್ಷದಲ್ಲಿ ಬೇಕಾಗುವ ಎಲ್ಲ ಲೆನ್ಸ್, ಎರಡು ಹೆಚ್ಚುವರಿ ಬ್ಯಾಟರಿ, ಕಾರ್ಡ್, ಹಾರ್ಡ್ ಡಿಸ್ಕ್ ಬರೆಯಿರಿ. ವೇಗದ ಬಾಡಿಗಳಿಗೆ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ಬೇಕು, ಅದು ಮಾಮೂಲಿ ಎಸ್‌ಡಿ ಕಾರ್ಡ್‌ಗಿಂತ ಬಹಳ ದುಬಾರಿ. 45 ಮೆಗಾಪಿಕ್ಸೆಲ್‌ನ ರಾ ಫೈಲ್ (ಸೆನ್ಸರ್ ಕೊಟ್ಟ ಹಾಗೇ ಉಳಿಸಿದ ಚಿತ್ರ) ಸುಮಾರು 50 ಎಂಬಿ ಆದರೆ ಸಾವಿರ ಫೋಟೋಗೆ 50 ಜಿಬಿ. ಒಂದು ಸಫಾರಿಯಲ್ಲಿ ಸೆಕೆಂಡಿಗೆ 20ರಂತೆ ಒತ್ತಿದರೆ ಸಾವಿರ ಮುಟ್ಟಲು ಎಷ್ಟು ಹೊತ್ತು? ಲ್ಯಾಪ್‌ಟಾಪ್ ಹಳೆಯದಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ.

ಒಟ್ಟು ಬಜೆಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಲೆನ್ಸ್‌ಗೆ ಇಡಿ. ಅಷ್ಟು ಉಳಿಯದಿದ್ದರೆ ಬಾಡಿಯಲ್ಲಿ ಒಂದು ತಲೆಮಾರು ಹಿಂದೆ ಹೋಗಿ. ನಾಯ್ಸ್ ತೆಗೆಯುವ ತಂತ್ರಾಂಶಗಳು ಈಗ ಹಳೇ ಸೆನ್ಸರ್‌ನ ರಾ ಫೈಲ್‌ಗಳನ್ನೂ ಬಹಳ ಚೆನ್ನಾಗಿ ಸ್ವಚ್ಛ ಮಾಡುತ್ತವೆ. ಲೈಟ್‌ರೂಮ್‌ನಲ್ಲಿ 2023ರಿಂದ ಈ ಸೌಲಭ್ಯ ಇದೆ. ಒಂದು ತಲೆಮಾರಿನ ಹಿನ್ನಡೆಯನ್ನು ಅದು ತುಂಬಿಕೊಡುತ್ತದೆ, ಆದರೆ ತಪ್ಪಿದ ಫೋಕಸ್ ಅನ್ನು ಯಾವ ತಂತ್ರಾಂಶವೂ ತರುವುದಿಲ್ಲ. ಹಾಗಾಗಿ ಹಿಂದೆ ಹೋಗುವಾಗ ಹಕ್ಕಿ, ಪ್ರಾಣಿ, ಮನುಷ್ಯರ ಕಣ್ಣು ಗುರುತಿಸುವ ಆಟೋಫೋಕಸ್ ಇರುವ ತಲೆಮಾರಿಗಿಂತ ಹಿಂದೆ ಹೋಗಬೇಡಿ.

ಯಾರಿಗೆ ಏನು ಎಂದು ಕೇಳಿದರೆ ನಾನು ಹೀಗೆ ಹೇಳುತ್ತೇನೆ. ಕಬಿನಿಯ ಬೆಳಗಿನ ಮಬ್ಬಿನಲ್ಲಿ ಚಿರತೆ ಕಾಯುವವರಿಗೆ 45 ಮೆಗಾಪಿಕ್ಸೆಲ್‌ನ ಸ್ಟ್ಯಾಕ್ಡ್ ಫುಲ್ ಫ್ರೇಮ್, ನಿಕಾನ್ ಝಡ್8 ಅಥವಾ ಕ್ಯಾನನ್ ಆರ್5 ಮಾರ್ಕ್ 2. ಎಪಿಎಸ್-ಸಿಯಷ್ಟು ಕ್ರಾಪ್ ಮಾಡಿದರೂ 17ರಿಂದ 19 ಮೆಗಾಪಿಕ್ಸೆಲ್ ಉಳಿಯುತ್ತದೆ. ರಂಗನತಿಟ್ಟಿನಲ್ಲಿ ದೋಣಿಯಿಂದ ಹಗಲು ಬೆಳಕಲ್ಲಿ ಹಕ್ಕಿ ತೆಗೆಯುವವರಿಗೆ ಎಪಿಎಸ್-ಸಿ ಸಾಕು, ಉಳಿದ ದುಡ್ಡು ಲೆನ್ಸ್‌ಗೆ. ಯಕ್ಷಗಾನ ಮತ್ತು ರಂಗಭೂಮಿಗೆ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್, 85 ಎಂಎಂ ಎಫ್ 1.8 ಮತ್ತು 70-200 ಎಫ್ 2.8. ಮದುವೆ ಮಾಡುವವರಿಗೆ ಒಂದೇ ಮಾದರಿಯ ಎರಡು ಬಾಡಿ, ಎರಡರಲ್ಲೂ ಎರಡೆರಡು ಕಾರ್ಡ್ ಸ್ಲಾಟ್. ಚಾರಣದವರಿಗೆ ಮೈಕ್ರೋ ಫೋರ್ ಥರ್ಡ್ಸ್ ಅಥವಾ ಫ್ಯೂಜಿ.

ಹೆಜ್ಜೆ 8: ಬಾಡಿಗೆಗೆ ತಂದು ಪರೀಕ್ಷಿಸಿ

ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ದಿನದ ಬಾಡಿಗೆಗೆ ಕ್ಯಾಮೆರಾ ಸಿಗುತ್ತದೆ. ವಾರಾಂತ್ಯಕ್ಕೆ ತಂದು ಈ ಪರೀಕ್ಷೆಗಳನ್ನು ಮಾಡಿ.

ಎಲೆಕ್ಟ್ರಾನಿಕ್ ಶಟರ್ ಹಾಕಿ, 1/2000ರಲ್ಲಿ ಮನೆಯ ಸೀಲಿಂಗ್ ಫ್ಯಾನ್ ತೆಗೆಯಿರಿ. ಅಲಗುಗಳು ಎಷ್ಟು ಬಾಗಿ ಕಾಣುತ್ತವೆ ಎಂಬುದರಿಂದ ಸೆನ್ಸರ್ ಓದುವ ವೇಗ ಗೊತ್ತಾಗುತ್ತದೆ. ಅದೇ ಶಟರ್‌ನಲ್ಲಿ ಎಲ್‌ಇಡಿ ಟ್ಯೂಬ್ ಬೆಳಕಿನ ಬಿಳಿ ಗೋಡೆ ತೆಗೆದು ಪಟ್ಟಿ ಬೀಳುತ್ತದಾ ನೋಡಿ. ಆಮೇಲೆ ಕಿಟಕಿ ಮತ್ತು ಒಳಗಿನ ಕತ್ತಲೆ ಎರಡೂ ಇರುವ ದೃಶ್ಯವನ್ನು ಮೂರು ಸ್ಟಾಪ್ ಕಡಿಮೆ ಬೆಳಕಲ್ಲಿ ತೆಗೆದು ಕಂಪ್ಯೂಟರ್‌ನಲ್ಲಿ ಎತ್ತಿ. ನೆರಳಿನಲ್ಲಿ ಬಣ್ಣ ಕೆಡದೆ ಉಳಿದರೆ ಸೆನ್ಸರ್ ಒಳ್ಳೆಯದು. ಬೀದಿಯಲ್ಲಿ ನಿಮ್ಮತ್ತ ಬರುವ ಸೈಕಲ್ಲಿಗೆ ಒಂದೇ ಸಮ ಶಟರ್ ಒತ್ತಿ, ಎಷ್ಟು ಚಿತ್ರಗಳಲ್ಲಿ ಸವಾರನ ಕಣ್ಣು ಸ್ಪಷ್ಟವಾಗಿದೆ ಎಂದು ಎಣಿಸಿ. ನಿಮ್ಮ ಹಳೇ ಕ್ಯಾಮೆರಾದಲ್ಲೂ ಎಲ್ಲವನ್ನೂ ಮಾಡಿ ಪಕ್ಕಪಕ್ಕ ಇಡಿ. ಎರಡರ ನಡುವೆ ನಿಮಗೆ ವ್ಯತ್ಯಾಸ ಕಾಣದಿದ್ದರೆ ಹಳೆಯದನ್ನೇ ಇಟ್ಟುಕೊಂಡು ಲೆನ್ಸ್ ಕೊಳ್ಳಿ.

ಉದ್ದ ಲೆನ್ಸ್ ಹಾಕಿ ಅರ್ಧ ಗಂಟೆ ಕೈಯಲ್ಲಿ ಹಿಡಿಯಿರಿ. ಸೋನಿಯ 200-600 ಒಂದೇ 2 ಕಿಲೋಗೂ ಹೆಚ್ಚು ತೂಗುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದರೆ ಇದು ಗೊತ್ತಾಗುವುದಿಲ್ಲ.

ಹೆಜ್ಜೆ 9: ಕೊಳ್ಳುವಾಗ, ಹಳೆಯದನ್ನು ಮಾರುವಾಗ

ಹೊಸದಾದರೆ ಜಿಎಸ್‌ಟಿ ಬಿಲ್ ಮತ್ತು ಭಾರತದ ವಾರಂಟಿ ಕಾರ್ಡ್ ಇಲ್ಲದೆ ಕೊಳ್ಳಬೇಡಿ. ಬಿಲ್‌ನಲ್ಲಿ ಬಾಡಿಯ ಸೀರಿಯಲ್ ನಂಬರ್ ಇರಲಿ. ನಿಮ್ಮ ಊರಿಗೆ ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಕೊಳ್ಳುವ ಮೊದಲೇ ವಿಚಾರಿಸಿ.

ಸೆಕೆಂಡ್ ಹ್ಯಾಂಡ್ ಆದರೆ ಎಫ್ 16ರಲ್ಲಿ ಆಕಾಶ ತೆಗೆದು ಸೆನ್ಸರ್ ಮೇಲಿನ ಕೊಳೆ ನೋಡಿ. ಶಟರ್ ಎಷ್ಟು ಸಲ ಓಡಿದೆ ಕೇಳಿ. ನಿಕಾನ್ ಡಿ850ರಂಥ ಬಾಡಿಯ ಶಟರನ್ನು 2 ಲಕ್ಷ ಬಾರಿಗೆ ಪರೀಕ್ಷಿಸಿರುತ್ತಾರೆ. ಲೆನ್ಸ್‌ನ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡಿ. ಜೇಡರಬಲೆಯಂತೆ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ಕರಾವಳಿ, ಮಲೆನಾಡಿನಲ್ಲಿ ಬಳಸಿದ ಲೆನ್ಸ್‌ಗಳಲ್ಲಿ ಇದನ್ನು ಹುಡುಕಲೇಬೇಕು. ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ನಿಮ್ಮ ಹೊಸ ಲೆನ್ಸ್‌ಗಳಿಗೆ ತೇವಾಂಶ ಶೇ. 40ರಿಂದ 50ರ ನಡುವೆ ಇಡುವ ಡ್ರೈ ಕ್ಯಾಬಿನೆಟ್ ಒಂದನ್ನು ಅದೇ ದಿನ ತನ್ನಿ. ಮಳೆಗಾಲಕ್ಕೆ ಮುಂಚೆ.

ಹಳೇ ಡಿಎಸ್‌ಎಲ್‌ಆರ್ ಮಾರುವುದಾದರೆ ತಡ ಮಾಡಬೇಡಿ, ಅದರ ಬೆಲೆ ಇಳಿಯುತ್ತಲೇ ಇರುತ್ತದೆ. ಆದರೆ ಹೊಸ ಕ್ಯಾಮೆರಾದಲ್ಲಿ ಒಂದು ಮುಖ್ಯ ಕಾರ್ಯಕ್ರಮ ಮುಗಿಸುವವರೆಗೆ ಕೈಯಲ್ಲೇ ಇರಲಿ. ಮೊದಲು ಅಡಾಪ್ಟರ್‌ನಲ್ಲಿ ಕೆಲಸ ಮಾಡದ ಲೆನ್ಸ್‌ಗಳನ್ನು ಮಾರಿ, ಆಮೇಲೆ ಬಾಡಿ. ಚೆನ್ನಾಗಿ ನಡೆಯುವ ಟೆಲಿ ಲೆನ್ಸ್ ಇದ್ದರೆ ಅದೇ ಉದ್ದದ ಹೊಸ ಲೆನ್ಸ್ ಕೈಗೆ ಬರುವವರೆಗೆ ಮಾರಬೇಡಿ.